ಬೌಲಿಂಗ್ ಎಂಬ ದುಡಿಮೆ: 1911ರ ಇಂಗ್ಲೆಂಡಿನಲ್ಲಿ ಪಾಳವಣಕರ ಬಾಳೂ



1911ರ ಬೇಸಿಗೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಎರಡು ಕಾರಣಗಳಿಗಾಗಿ ಉಳಿದಿದೆ. ಒಂದು, ಆ ವರ್ಷದ ಸುಡುಬಿಸಿಲು. ಇನ್ನೊಂದು, ಮುಷ್ಕರ. ಜೂನ್ ತಿಂಗಳಲ್ಲಿ ಹಡಗುಗಳ ನಾವಿಕರಿಂದ ಮೊದಲಾದ ಕಾರ್ಮಿಕರ ಸಿಟ್ಟು ಮ್ಯಾಂಚೆಸ್ಟರಿನ ಬಂದರು ಕೆಲಸಗಾರರಿಗೆ, ಸರಕಿನ ಗಾಡಿ ಹೊಡೆಯುವವರಿಗೆ ಹಬ್ಬಿತು. ಆಗಸ್ಟಿನಲ್ಲಿ ಲಿವರ್‌ಪೂಲಿನ ಬೀದಿಯಲ್ಲಿ ಸೈನಿಕರ ಗುಂಡಿಗೆ ಇಬ್ಬರು ಬಲಿಯಾದರು. ಅದೇ ತಿಂಗಳು ಬ್ರಿಟನ್ನಿನ ಮೊದಲ ರಾಷ್ಟ್ರವ್ಯಾಪಿ ರೈಲ್ವೆ ಮುಷ್ಕರ ನಡೆಯಿತು.

ಅದೇ ಬೇಸಿಗೆಯಲ್ಲಿ, ಅದೇ ರೈಲುಗಳಲ್ಲಿ, ಊರಿಂದೂರಿಗೆ ಪ್ರಯಾಣಿಸುತ್ತಿದ್ದ ಒಂದು ಕ್ರಿಕೆಟ್ ತಂಡವಿತ್ತು. ಅಖಿಲ ಭಾರತದ ಹೆಸರಿನಲ್ಲಿ ಇಂಗ್ಲೆಂಡಿಗೆ ಬಂದ ಮೊದಲ ತಂಡ ಅದು. ವಾರಿಕ್‌ಶೈರ್, ಲ್ಯಾಂಕಾಶೈರ್, ಸ್ಟಾಫರ್ಡ್‌ಶೈರ್, ಲೆಸ್ಟರ್‌ಶೈರ್ ತಂಡಗಳ ಎದುರು ಆಡಿತು; ಹೆಚ್ಚಾಗಿ ಸೋತಿತು. ಒಟ್ಟು 23 ಪಂದ್ಯಗಳಲ್ಲಿ 15 ಸೋಲು, 6 ಗೆಲುವು. ಆದರೆ ಆ ತಂಡದ ಒಬ್ಬ ಬೌಲರ್ 35ನೆಯ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಬಾರಿಗೆ ಕಂಡ ಈ ನೆಲದ ಪಿಚ್‌ಗಳ ಮೇಲೆ, ಎಲ್ಲ ಪಂದ್ಯಗಳಲ್ಲಿ ಸೇರಿ 114 ವಿಕೆಟ್ ತೆಗೆದ. ಅವುಗಳಲ್ಲಿ 75 ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಂದವು. ಎಡಗೈ ಸ್ಪಿನ್ನರ್ ಆಗಿದ್ದ ಅವನ ಹೆಸರು ಪಾಳವಣಕರ ಬಾಳೂ. ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ.

ಧಾರವಾಡ ಎಂದೊಡನೆ ಸಭೆಯಲ್ಲಿ ಕೆಲವರ ಬೆನ್ನು ನೆಟ್ಟಗಾಗುವುದು ಸಹಜ. ಹೊರದೇಶದಲ್ಲಿ ನೆಲೆಸಿದವರಿಗೆ ತಮ್ಮ ನಾಡಿನ ಹೆಸರುಗಳನ್ನು ಕೂಡಿಹಾಕುವ ಚಪಲ ಸ್ವಲ್ಪ ಹೆಚ್ಚೇ ಇರುತ್ತದೆ. ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡಬೇಕು. ಬಾಳೂ ಕನ್ನಡಿಗರ ಪಟ್ಟಿಗೆ ಸೇರಿಸಿಕೊಂಡು ಮೆರೆಸಬಹುದಾದ ವ್ಯಕ್ತಿಯಲ್ಲ. ಮನೆತನದ ಹೆಸರು ರತ್ನಾಗಿರಿ ಜಿಲ್ಲೆಯ ಪಾಳವಣ ಎಂಬ ಹಳ್ಳಿಯದು. ಬಾಲ್ಯ ಕಳೆದದ್ದು ಪುಣೆಯಲ್ಲಿ. ಆಗಿನ ಧಾರವಾಡ ಮುಂಬಯಿ ಪ್ರಾಂತ್ಯದ ಒಂದು ಜಿಲ್ಲಾ ಕೇಂದ್ರ. ತಂದೆಗೆ ಸೈನ್ಯದ ಆಶ್ರಯದ ದುಡಿಮೆ. ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಧಾರವಾಡದ ಸಂಗೀತಗಾರರ, ಕವಿಗಳ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಬಲ್ಲ ನಮ್ಮ ಸಾಂಸ್ಕೃತಿಕ ಸ್ಮೃತಿಗೆ ಈ ಹೆಸರು ಏಕೆ ನಿಲುಕಲಿಲ್ಲ? ಭಾಷೆ ಬೇರೆ ಎಂಬುದಷ್ಟೇ ಉತ್ತರವಾಗಲಾರದು. ಬಾಳೂ ಹುಟ್ಟಿದ್ದು ಚರ್ಮಕಾರ ಜಾತಿಯಲ್ಲಿ.

ಪುಣೆಯಲ್ಲಿ ಅವರಿಗೆ ದೊರೆತ ಕೆಲಸ ಕ್ರಿಕೆಟ್ ಅಂಗಳವನ್ನು ನೋಡಿಕೊಳ್ಳುವುದು. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿ. ಅನಂತರ ಬಿಳಿಯರ ಪೂನಾ ಜಿಮ್‌ಖಾನಾದಲ್ಲಿ 4 ರೂಪಾಯಿ. ಕಸ ಗುಡಿಸುವುದು, ಪಿಚ್ ಉರುಳಿಸುವುದು, ಬಲೆ ಕಟ್ಟುವುದು. ಸಂಜೆ ಬ್ರಿಟಿಷ್ ಅಧಿಕಾರಿಗಳು ಬ್ಯಾಟಿಂಗ್ ಅಭ್ಯಾಸಕ್ಕೆ ಬಂದಾಗ ಅವರಿಗೆ ಚೆಂಡು ಎಸೆಯುವುದು. ಆ ಕಾಲದ ಹೆಸರಾಂತ ಬ್ಯಾಟುಗಾರ ಜೆ.ಜಿ. ಗ್ರೆಗ್ ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಳೂವಿಗೆ ಎಂಟಾಣೆ ಕೊಡುತ್ತಿದ್ದನೆಂಬ ಪ್ರತೀತಿಯಿದೆ. ಅದು ನಿಜವೋ ಕಟ್ಟುಕಥೆಯೋ, ಸಂಬಂಧದ ಸ್ವರೂಪವನ್ನಂತೂ ಸರಿಯಾಗಿಯೇ ಹೇಳುತ್ತದೆ. ಚೆಂಡಿಗೆ ಬೆಲೆಯಿತ್ತು, ಬೆಲೆ ನಿಗದಿ ಮಾಡುವವನು ಬ್ಯಾಟು ಹಿಡಿದವನು.

ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಚರಿತ್ರೆಯನ್ನು ಕುರಿತು 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಾಳೂ ಅವರ ಬದುಕನ್ನು ವಿಸ್ತಾರವಾಗಿ ಕಟ್ಟಿಕೊಟ್ಟಿದ್ದಾರೆ. ಅಲ್ಲಿನ ಒಂದು ವಿವರ ಮತ್ತೆ ಮತ್ತೆ ಕಾಡುತ್ತದೆ. ಜಿಮ್‌ಖಾನಾದಲ್ಲಿ ನೂರಾರು ಗಂಟೆ ಬೌಲ್ ಮಾಡಿದ ಬಾಳೂವಿಗೆ ಒಮ್ಮೆಯೂ ಬ್ಯಾಟ್ ಮಾಡುವ ಅವಕಾಶ ಸಿಗಲಿಲ್ಲ. ಬ್ಯಾಟಿಂಗ್ ದೊರೆಗಳ ವಿನೋದ, ಬೌಲಿಂಗ್ ಆಳುಗಳ ದುಡಿಮೆ. ಇಂದು ಟೆಲಿವಿಷನ್ನಿನಲ್ಲಿ ಆಟ ನೋಡುವ ನಮಗೆ ಈ ವಿಭಜನೆ ವಿಚಿತ್ರವೆನಿಸಬಹುದು. ಆದರೆ ಆ ಆಟ ಹುಟ್ಟಿ ಬೆಳೆದ ರೀತಿಯಲ್ಲೇ ಈ ವಿಭಜನೆ ಅಡಗಿತ್ತು.

ಪುಣೆಯ ಹಿಂದೂಗಳ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು. ಸೋಲಿಸಬಲ್ಲ ಬೌಲರ್ ಊರಲ್ಲೇ ಇದ್ದ. ಅವನನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಎಂಬ ಚರ್ಚೆಯಲ್ಲಿ ಕೊನೆಗೆ ಗೆಲುವಿನ ಆಸೆಯೇ ಗೆದ್ದಿತು. ಬಾಳೂ ಅಂಗಳಕ್ಕೆ ಬಂದರು. ಚಹಾ ವಿರಾಮದಲ್ಲಿ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿದರೆ ಬಾಳೂವಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಲು ನೀರು ಹಾಕಬೇಕಾದರೆ ಅವರದೇ ಸಮುದಾಯದ ಸೇವಕನೊಬ್ಬ ಮೂಲೆಯಲ್ಲಿ ನಿಂತು ಹಾಕಬೇಕು. ಆದರೆ ಬಾಳೂ ಬೆರಳು ತಾಗಿಸಿ ತಿರುಗಿಸಿದ ಅದೇ ಚರ್ಮದ ಚೆಂಡು ವಿಕೆಟ್ ಕೀಪರನ ಕೈಗೆ, ಅಲ್ಲಿಂದ ಸ್ಲಿಪ್ಪಿಗೆ, ಅಲ್ಲಿಂದ ಕವರ್ಸಿಗೆ ದಿನವಿಡೀ ಕೈಯಿಂದ ಕೈಗೆ ಹೋಗುತ್ತಿತ್ತು. ಅದಕ್ಕೆ ಯಾವ ಮೈಲಿಗೆಯೂ ಇರಲಿಲ್ಲ. ಜಾತಿಯ ಶಾಸ್ತ್ರ ಎಷ್ಟು ಬಿಗಿಯೋ ಅಷ್ಟೇ ಲೆಕ್ಕಾಚಾರದ್ದು. ತನಗೆ ಬೇಕಾದಾಗ ಎಲ್ಲಿ ಕಣ್ಣು ಮುಚ್ಚಿಕೊಳ್ಳಬೇಕು ಎಂಬುದು ಅದಕ್ಕೆ ಗೊತ್ತಿತ್ತು.

ಮುಂದೆ ಬಾಳೂ ಮುಂಬಯಿಗೆ ಬಂದರು. ಸೈನ್ಯದಲ್ಲಿ, ರೈಲ್ವೆ ಕಂಪನಿಯಲ್ಲಿ ನೌಕರಿ. ಹಿಂದೂ ಜಿಮ್‌ಖಾನಾದ ಪರವಾಗಿ ಆಟ. ತಮ್ಮಂದಿರಾದ ಶಿವರಾಮ್, ವಿಠ್ಠಲ್, ಗಣಪತ್ ಕೂಡ ಒಬ್ಬೊಬ್ಬರಾಗಿ ಆಟಗಾರರಾದರು. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದಾಗ ಬಾಳೂ ತಂಡದ ಮುಖ್ಯ ಬೌಲರ್. ಆದ್ದರಿಂದ 1911ರ ಪ್ರವಾಸಕ್ಕೆ ಅವರ ಆಯ್ಕೆ ಅನಿವಾರ್ಯವೇ ಆಗಿತ್ತು. ತಂಡವನ್ನು ಮತಗಳ ಲೆಕ್ಕದಲ್ಲಿ ಕಟ್ಟಲಾಗಿತ್ತು: ಇಷ್ಟು ಪಾರ್ಸಿಗಳು, ಇಷ್ಟು ಹಿಂದೂಗಳು, ಇಷ್ಟು ಮುಸ್ಲಿಮರು. ನಾಯಕ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಆ ಜೂನ್‌ನಲ್ಲಿ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕವಿತ್ತು. ಮಹಾರಾಜರಿಗೆ ಔತಣಕೂಟಗಳಿದ್ದವು. ಕೆಲವೇ ಪಂದ್ಯಗಳನ್ನಾಡಿ ಅವರು ತಂಡದಿಂದ ದೂರವಾದರು. ಜೊತೆಗೆ ತಂಡದ ಅತ್ಯುತ್ತಮ ಬ್ಯಾಟುಗಾರನೂ ತಮ್ಮ ಕಾರ್ಯದರ್ಶಿಯೂ ಆಗಿದ್ದ ಕೆ.ಎಂ. ಮಿಸ್ತ್ರಿಯನ್ನು ಕರೆದೊಯ್ದರು. ಬೌಲರುಗಳಿಗೆ ಅಂಥ ಆಮಂತ್ರಣಗಳು ಬರುವುದಿಲ್ಲ. ಬಾಳೂ ಬೌಲ್ ಮಾಡುತ್ತಲೇ ಹೋದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 103 ರನ್ನಿಗೆ 8 ವಿಕೆಟ್; ಅದೇ ಅವರ ಜೀವನದ ಅತ್ಯುತ್ತಮ ಸಾಧನೆ.

ಬಾಳೂ ಬಂದಿಳಿದ ಇಂಗ್ಲೆಂಡಿನಲ್ಲಿ ಜಾತಿಯಿರಲಿಲ್ಲ. ಆದರೆ ಕ್ರಿಕೆಟ್ ಅಂಗಳದಲ್ಲಿ ಎರಡು ಬಾಗಿಲುಗಳಿದ್ದವು. ಹಣ ಪಡೆಯದೆ ಆಡುವವನು ‘ಜೆಂಟಲ್‌ಮನ್’, ಕೂಲಿಗೆ ಆಡುವವನು ‘ಪ್ಲೇಯರ್’. ಇಬ್ಬರೂ ಒಂದೇ ತಂಡದವರಾದರೂ ಅನೇಕ ಅಂಗಳಗಳಲ್ಲಿ ಉಡುಪು ಬದಲಿಸುವ ಕೋಣೆ ಬೇರೆ, ಮೈದಾನಕ್ಕಿಳಿಯುವ ಬಾಗಿಲು ಬೇರೆ. ಸ್ಕೋರ್ ಪಟ್ಟಿಯಲ್ಲಿ ಹೆಸರು ಮುದ್ರಿಸುವಾಗಲೂ ದೊಡ್ಡಮನುಷ್ಯರ ಇನಿಷಿಯಲ್‌ಗಳು ಹೆಸರಿನ ಹಿಂದೊಂದು ಬಗೆ, ಕೂಲಿಯವರದು ಇನ್ನೊಂದು ಬಗೆ. ಬೌಲಿಂಗಿನ ಭಾರವನ್ನು ಬಹುಮಟ್ಟಿಗೆ ಹೊತ್ತವರು ಗಣಿಗಳಿಂದ, ಗಿರಣಿಗಳಿಂದ ಬಂದ ವೃತ್ತಿಪರರು; ನಾಯಕತ್ವ ಮಾತ್ರ ಜೆಂಟಲ್‌ಮನ್ನನ ಹಕ್ಕು. ಈ ವ್ಯವಸ್ಥೆ ಅಳಿದದ್ದು 1963ರ ಹಂಗಾಮಿನಿಂದ. ಪುಣೆಯ ಮಣ್ಣಿನ ಕುಡಿಕೆಯನ್ನೂ ಇಂಗ್ಲೆಂಡಿನ ಎರಡನೆಯ ಬಾಗಿಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ವೃತ್ತಿಪರ ಬೌಲರನ ಮಗ ವಕೀಲನಾಗಿ ಮುಂದಿನ ಬಾಗಿಲಿನಿಂದ ಬರಬಹುದಿತ್ತು. ಅಸ್ಪೃಶ್ಯತೆ ಹುಟ್ಟಿನಿಂದ ಚಿತೆಯವರೆಗೆ ಬರುವಂಥದು. ಆದರೂ ಎರಡರ ನಡುವೆ ಒಂದು ಸಾಮ್ಯ ಉಂಟು. ಕೈಗೆ ಕೂಲಿ ಕೊಟ್ಟು ಮನುಷ್ಯನನ್ನು ಹೊರಗೆ ನಿಲ್ಲಿಸುವ ಏರ್ಪಾಟು ಎರಡು ಕಡೆಯೂ ಇತ್ತು.

ಇಂಗ್ಲೆಂಡಿನ ದುಡಿಯುವ ಬೌಲರನಿಗೆ ಬಾಳೂವಿಗಿಲ್ಲದ ಒಂದು ಆಯುಧವಿತ್ತು: ತನ್ನ ಶ್ರಮವನ್ನು ಬೇಕಾದಲ್ಲಿ ಮಾರುವ ಸ್ವಾತಂತ್ರ್ಯ. ಸಿಡ್ನಿ ಬಾರ್ನ್ಸ್ ಇದಕ್ಕೆ ಅತ್ಯುತ್ತಮ ನಿದರ್ಶನ. ಬರ್ಮಿಂಗ್‌ಹ್ಯಾಮಿಗೆ ಅಂಟಿಕೊಂಡಿರುವ ಸ್ಮೆದಿಕ್‌ನಲ್ಲಿ 1873ರಲ್ಲಿ ಹುಟ್ಟಿದ ಈತ ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ಬೌಲರುಗಳಲ್ಲಿ ಒಬ್ಬ. 27 ಟೆಸ್ಟುಗಳಲ್ಲಿ 189 ವಿಕೆಟ್. ಆದರೆ ಕೌಂಟಿ ಕ್ರಿಕೆಟ್ಟಿನಲ್ಲಿ ವಾರಕ್ಕೆ ಆರು ದಿನ ಮೈ ಮುರಿದು ಕಡಿಮೆ ಹಣ ಪಡೆಯುವುದಕ್ಕಿಂತ ವಾರಾಂತ್ಯಕ್ಕೊಮ್ಮೆ ಲೀಗ್ ಕ್ಲಬ್ಬುಗಳಿಗೆ ಆಡಿ, ಉಳಿದ ದಿನ ಗುಮಾಸ್ತಗಿರಿ ಮಾಡುವುದು ಲಾಭವೆಂದು ಲೆಕ್ಕ ಹಾಕಿದ. 1903ರ ನಂತರ ಲ್ಯಾಂಕಾಶೈರ್ ಕೌಂಟಿಯನ್ನೇ ಬಿಟ್ಟ. ದೊಡ್ಡಮನುಷ್ಯರು ಅವನನ್ನು ಗರ್ವಿಷ್ಠ ಎಂದರು, ಒರಟ ಎಂದರು. ಅವನು ತನ್ನ ದರ ಇಳಿಸಲಿಲ್ಲ. 1911ರ ಪ್ರವಾಸದಲ್ಲಿ ಭಾರತೀಯರು ಸ್ಟಾಫರ್ಡ್‌ಶೈರ್ ಪರ ಆಡುತ್ತಿದ್ದ ಇದೇ ಬಾರ್ನ್ಸ್ ಎದುರು ಕುಸಿದುಬಿದ್ದರು. ಒಂದೇ ಅಂಗಳದಲ್ಲಿ ಇಬ್ಬರು ಮಹಾ ಬೌಲರುಗಳು. ಒಬ್ಬ ತನ್ನ ಬೆಲೆಯನ್ನು ತಾನೇ ಹೇಳುವವನು, ಇನ್ನೊಬ್ಬನ ಬೆಲೆಯನ್ನು ಬೇರೆಯವರು ಹೇಳಿದವರು.

ಸತತ ಸೋಲುಗಳ ಬಳಿಕ ಭಾರತೀಯರು ಕೌಂಟಿ ತಂಡವೊಂದರ ಮೇಲೆ ಮೊದಲ ಗೆಲುವು ಕಂಡದ್ದು ಜುಲೈ ತಿಂಗಳಲ್ಲಿ, ಲೆಸ್ಟರಿನಲ್ಲಿ. ಆ ಗೆಲುವಿನ ಅಡಿಗಲ್ಲು ಬಾಳೂ ಅವರ ಬೌಲಿಂಗ್. ಹಿಂದೆಯೇ ಸಾಮರ್‌ಸೆಟ್ ಮೇಲೆ ಒಂದು ವಿಕೆಟ್ಟಿನ ಗೆಲುವು ಬಂತು. ಅದರಲ್ಲಿ ತಮ್ಮ ಶಿವರಾಮನ ಬ್ಯಾಟು ಮಿಂಚಿತು. ನಾಯಕ ಮಹಾರಾಜರಿಲ್ಲದೆ, ಅಂಗಳ ಗುಡಿಸುವ ಕೆಲಸದಿಂದ ಬಂದ ಕುಟುಂಬದ ಇಬ್ಬರು ಭಾರತಕ್ಕೆ ಈ ಗೆಲುವುಗಳನ್ನು ತಂದುಕೊಟ್ಟರು.

ಲೆಸ್ಟರ್ ನಗರವನ್ನು ಬಲ್ಲವರಿಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಆ ಕಾಲದ ಲೆಸ್ಟರ್ ಬೂಟು, ಪಾದರಕ್ಷೆಗಳ ನಗರ. ನೆರೆಯ ನಾರ್ಥಾಂಪ್ಟನ್ನಿನ ಫುಟ್‌ಬಾಲ್ ತಂಡವನ್ನು ಜನ ಇಂದಿಗೂ ‘ಕಾಬ್ಲರ್ಸ್’, ಅಂದರೆ ಚಮ್ಮಾರರು, ಎಂದು ಹೆಮ್ಮೆಯಿಂದ ಕರೆಯುತ್ತಾರೆ. ಬೂಟು ಕಾರ್ಮಿಕರ ರಾಷ್ಟ್ರೀಯ ಸಂಘದ ಕೇಂದ್ರ ಲೆಸ್ಟರಿನಲ್ಲಿತ್ತು. ಚರ್ಮ ಕತ್ತರಿಸುವವರು, ಅಟ್ಟೆ ಹೊಲಿಯುವವರು ಮತ ಹಾಕಿ ಲೇಬರ್ ಪಕ್ಷದವನನ್ನು ಪಾರ್ಲಿಮೆಂಟಿಗೆ ಕಳಿಸಿದ್ದರು. ಬಾಳೂ ಅವರ ಜಾತಿಗೆ ಯಾವ ಕಸುಬಿನ ಹೆಸರಿನಲ್ಲಿ ಸಾವಿರಾರು ವರ್ಷ ಊರಾಚೆಯ ಜಾಗ ಕೊಡಲಾಗಿತ್ತೋ ಅದೇ ಕಸುಬು ಇಲ್ಲಿ ಒಂದು ನಗರದ ಅನ್ನವೂ ಗುರುತೂ ಆಗಿತ್ತು. ಕಲ್ಯಾಣದ ಹರಳಯ್ಯನ ಕಥೆ ಬಲ್ಲ ಕನ್ನಡಿಗರಿಗೆ ಚರ್ಮದ ಕೆಲಸದ ಘನತೆಯ ಮಾತು ಹೊಸದೇನಲ್ಲ; ಆ ಘನತೆಯನ್ನು ಒಪ್ಪಿದ ಕಲ್ಯಾಣಕ್ಕೆ ಏನಾಯಿತೆಂಬುದೂ ಗೊತ್ತು. ಏಲ್‌ಸ್ಟನ್ ರಸ್ತೆಯ ಅಂಗಳದ ಸುತ್ತ ಕುಳಿತ ಬೂಟು ಕೆಲಸಗಾರರಿಗೆ, ತಮ್ಮ ಕೌಂಟಿಯ ವಿಕೆಟ್ಟುಗಳನ್ನು ಉರುಳಿಸುತ್ತಿದ್ದ ಆ ಕಪ್ಪು ಮನುಷ್ಯನ ಜಾತಿ ತಿಳಿದಿರುವ ಸಂಭವ ಕಡಿಮೆ. ತಿಳಿದಿದ್ದರೂ ಅದರ ಅರ್ಥ ಆಗುತ್ತಿರಲಿಲ್ಲ.

ಮುಂದೆ ಅರ್ಥ ಮಾಡಿಕೊಳ್ಳುವ ಕಾಲವೂ ಬಂತು. 1950, 60ರ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಸುತ್ತಲಿನ ಎರಕದ ಕಾರ್ಖಾನೆಗಳಿಗೆ ದುಡಿಯಲು ಬಂದ ಪಂಜಾಬಿಗಳಲ್ಲಿ ಬಾಳೂ ಅವರಂಥದೇ ಚರ್ಮಕಾರ ಹಿನ್ನೆಲೆಯ ರವಿದಾಸಿಯರು ಬಹಳ ಮಂದಿಯಿದ್ದರು. ಕುಲುಮೆಯ ಮುಂದೆ ಎಲ್ಲರೂ ಒಂದೇ. ಮನೆ, ಮದುವೆ, ಪ್ರಾರ್ಥನೆಯ ಹೊತ್ತಿಗೆ ಹಳೆಯ ಗೆರೆಗಳು ಮತ್ತೆ ಎದ್ದವು. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ, ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಗುರು ರವಿದಾಸರ ಹೆಸರಿನ ಪ್ರತ್ಯೇಕ ಮಂದಿರಗಳು ಏಕೆ ಎದ್ದವು ಎಂದು ಕೇಳಿಕೊಂಡರೆ ಸಾಕು. ಬ್ರಿಟನ್ನಿನ 2010ರ ಸಮಾನತಾ ಕಾಯಿದೆ ಜಾತಿಯನ್ನು ಜನಾಂಗದ ವ್ಯಾಖ್ಯೆಯೊಳಗೆ ಸೇರಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. 2013ರಲ್ಲಿ ಪಾರ್ಲಿಮೆಂಟು ಅದನ್ನು ಕರ್ತವ್ಯವನ್ನಾಗಿ ಮಾಡಿತು. ಭಾರತೀಯ ಮೂಲದ ಕೆಲವು ಸಂಘಟನೆಗಳಿಂದಲೇ ಬಲವಾದ ವಿರೋಧ ಬಂದ ಮೇಲೆ, 2018ರಲ್ಲಿ ಸರ್ಕಾರ ಪ್ರತ್ಯೇಕ ಕಾನೂನು ಬೇಡ, ನ್ಯಾಯಾಲಯದ ತೀರ್ಪುಗಳೇ ಸಾಕು ಎಂದು ಕೈಚೆಲ್ಲಿತು. ವರ್ಣಭೇದಕ್ಕೆ ಎದುರಾಗಿ ಬೀದಿಗಿಳಿದ ನಮ್ಮ ಸಮುದಾಯಗಳು ಜಾತಿಯ ಮಾತು ಬಂದಾಗ ಇಷ್ಟು ಮೌನವಾದದ್ದು ಈ ಸಭೆಯಲ್ಲಿ ಚರ್ಚೆಯಾಗಬೇಕಾದ ವಿಷಯ.

ಮರಳಿ ಆಟಕ್ಕೆ ಬರೋಣ. ಇಂದಿನ ವೃತ್ತಿಪರ ಆಟಗಾರನಿಗೆ ದೇಶದ ಗಡಿ ಅಡ್ಡಿಯಲ್ಲ. ಕೊಡಗಿನ ಗಡಿಯಾಚೆಯ ಕಣ್ಣೂರು ಜಿಲ್ಲೆಯ ಪೇರಾವೂರಿನಿಂದ ಹೊರಟ ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಮೊದಲು ಅಬುಧಾಬಿಯಲ್ಲಿ, 1982ರಿಂದ ಇಟಲಿಯ ಕ್ಲಬ್ಬುಗಳಲ್ಲಿ ಸಂಬಳಕ್ಕೆ ಆಡಿದರು. 1987ರಲ್ಲಿ ಇಟಲಿಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು, 32 ವರ್ಷ. ಮೋಂಟಿಕಿಯಾರಿ ಎಂಬ ಊರು ತನ್ನ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟಿದೆ. ವೃತ್ತಿಯ ಬಾಗಿಲು ತೆರೆದಿದ್ದರೆ ಮಲಬಾರಿನ ಹಳ್ಳಿಯ ಹುಡುಗನಿಗೂ ದೂರದ ಊರೊಂದು ತನ್ನದಾಗಬಲ್ಲುದು. ಆ ಬಾಗಿಲು ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆ ಎಂಬುದಕ್ಕೆ ಇಲ್ಲಿನದೇ ಉದಾಹರಣೆಯಿದೆ. ಷೆಫೀಲ್ಡಿನಲ್ಲಿ ತರಬೇತಿ ಪಡೆಯುತ್ತಿದ್ದ ಬ್ರಿಟಿಷ್ ಮಹಿಳಾ ವಾಲಿಬಾಲ್ ತಂಡಕ್ಕೆ 2010ರಲ್ಲಿ ಸರ್ಕಾರಿ ಅನುದಾನ ಕಡಿತವಾದಾಗ ಆಟಗಾರ್ತಿಯರು ಹಣ ಕೂಡಿಸಲು ಷೆಫೀಲ್ಡಿನಿಂದ ಲಂಡನ್ನಿಗೆ ಸೈಕಲ್ ತುಳಿದರು. 2012ರ ಒಲಿಂಪಿಕ್ಸಿನಲ್ಲಿ ಅಲ್ಜೀರಿಯಾವನ್ನು 3–2ರಿಂದ ಸೋಲಿಸಿದರು. ಆ ವರ್ಷ ಮುಗಿಯುವ ಮುನ್ನ ಇದ್ದ ಅನುದಾನವೂ ನಿಂತಿತು.

ಬಾಳೂ ಅವರ ಕಾಲಕ್ಕೆ ಅಂಥದೊಂದು ಬಾಗಿಲು ಈ ಸೀಮೆಯಲ್ಲಿ ಇದ್ದೇ ಇತ್ತು: ಲ್ಯಾಂಕಾಶೈರ್ ಲೀಗ್. ಮ್ಯಾಂಚೆಸ್ಟರಿನ ಉತ್ತರಕ್ಕೆ ಹತ್ತಿ ಗಿರಣಿಗಳ ಸಣ್ಣ ಸಣ್ಣ ಊರುಗಳು. ಊರಿಗೊಂದು ಕ್ಲಬ್, ಕ್ಲಬ್ಬಿಗೊಬ್ಬ ಸಂಬಳದ ವೃತ್ತಿಪರ. ಸಂಬಳ ಕೊಡುವವರು ಜಮೀನ್ದಾರರಲ್ಲ. ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟ ಮೇಲೆ ಚಿಲ್ಲರೆ ಕೊಟ್ಟು ಒಳಬರುವ ನೇಕಾರರು. 1929ರಲ್ಲಿ ನೆಲ್ಸನ್ ಎಂಬ ಊರು ಟ್ರಿನಿಡಾಡಿನ ಲಿಯರಿ ಕಾನ್‌ಸ್ಟಂಟೈನ್‌ನನ್ನು ಹಂಗಾಮಿಗೆ 500 ಪೌಂಡಿಗೆ ಕರೆಸಿಕೊಂಡಿತು. ಗುಲಾಮರ ವಂಶದಲ್ಲಿ ಹುಟ್ಟಿದ ಆ ಆಟಗಾರ ಬಂದ ಹೊಸತರಲ್ಲಿ ಜನ ಕಿಟಕಿಗಳಿಂದ ಇಣುಕಿದರು, ಹೆಸರಿಲ್ಲದ ಕಾಗದಗಳು ಬಂದವು. ಒಂಬತ್ತು ಹಂಗಾಮುಗಳಲ್ಲಿ ಆತ ನೆಲ್ಸನ್ನಿಗೆ ಏಳು ಬಾರಿ ಲೀಗ್ ಗೆದ್ದುಕೊಟ್ಟ. ಆತನ ಮನೆಯಲ್ಲಿ ತಂಗಿದ ಸಿ.ಎಲ್.ಆರ್. ಜೇಮ್ಸ್ ಎಂಬ ಸ್ನೇಹಿತ ಮುಂದೆ ಜಗತ್ತಿನ ಮಾರ್ಕ್ಸ್‌ವಾದಿ ಚಿಂತಕರಲ್ಲಿ ಒಬ್ಬನಾದ. 1943ರಲ್ಲಿ ಲಂಡನ್ನಿನ ಇಂಪೀರಿಯಲ್ ಹೋಟೆಲು ಬಣ್ಣದ ಕಾರಣಕ್ಕೆ ಕೋಣೆ ನಿರಾಕರಿಸಿದಾಗ ಕಾನ್‌ಸ್ಟಂಟೈನ್ ಮೊಕದ್ದಮೆ ಹೂಡಿ ಗೆದ್ದ. 1969ರಲ್ಲಿ ಪ್ರಭುಗಳ ಸಭೆಯ ಮೊದಲ ಕಪ್ಪು ಸದಸ್ಯನಾದಾಗ ತನ್ನ ಬಿರುದಿನಲ್ಲಿ ನೆಲ್ಸನ್ ಊರಿನ ಹೆಸರನ್ನೂ ಸೇರಿಸಿಕೊಂಡ.

ಆ ಲೀಗಿಗೆ ಭಾರತೀಯರೂ ಬಂದರು. 1930ರ ದಶಕದ ನಡುವೆ ಅಮರ್ ಸಿಂಗ್ ನೆಲ್ಸನ್ನಿನ ಪಕ್ಕದ ಕೋಲ್ನ್ ಊರಿಗೆ, 1938ರಲ್ಲಿ ಲಾಲಾ ಅಮರನಾಥ್ ನೆಲ್ಸನ್ನಿಗೇ. ಎರಡು ವರ್ಷ ಹಿಂದೆ, 1936ರ ಪ್ರವಾಸದಲ್ಲಿ, ವಿಜಯನಗರಂನ ರಾಜಕುಮಾರ ನಾಯಕನಾಗಿದ್ದ ತಂಡ ಅಮರನಾಥರನ್ನು ಶಿಸ್ತಿನ ನೆಪದಲ್ಲಿ ಮನೆಗೆ ಕಳಿಸಿತ್ತು. ರಾಜರು ಹೊರಹಾಕಿದವನನ್ನು ನೇಕಾರರು ಕರೆದು ಕೂರಿಸಿಕೊಂಡರು. ಬಾಳೂವಿಗೆ ಇದು ತಡವಾಯಿತು. ಅಮರ್ ಸಿಂಗ್ ಕೋಲ್ನ್‌ಗೆ ಬಂದಾಗ ಅವರಿಗೆ ಅರವತ್ತರ ಸಮೀಪ. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್, ಒಂದೊಂದಕ್ಕೆ ಸರಾಸರಿ 15 ರನ್ನು: ಇದಿಷ್ಟೇ ಅಂಕಿಗಳಲ್ಲಿ ಉಳಿದಿರುವ ಬಾಳೂ.

ನಾಯಕತ್ವದ ಕಥೆ ಇನ್ನೂ ಕಹಿ. ಹಿಂದೂಗಳ ತಂಡಕ್ಕೆ ವರ್ಷಗಟ್ಟಲೆ ಗೆಲುವು ತಂದ ಬಾಳೂವಿಗೆ ನಾಯಕನ ಪಟ್ಟ ಸಿಗಲೇ ಇಲ್ಲ. ನಾಯಕರಾದ ಎಂ.ಡಿ. ಪೈ ಅವರೇ, ಈ ಗೌರವ ಬಾಳೂವಿಗೆ ಸಲ್ಲಬೇಕಿತ್ತೆಂದು ಬಹಿರಂಗವಾಗಿ ಹೇಳಿದರು. ಹೇಳಿದ್ದರಿಂದ ಏನೂ ಬದಲಾಗಲಿಲ್ಲ. 1920ರಲ್ಲಿ ಪೈ ಅನಾರೋಗ್ಯದಿಂದ ಹಿಂದೆ ಸರಿದಾಗಲೂ ಪಟ್ಟ ಬ್ರಾಹ್ಮಣನಾದ ಡಿ.ಬಿ. ದೇವಧರ್ ಅವರಿಗೆ ಹೋಯಿತು. ಆಗ ತಮ್ಮಂದಿರಾದ ವಿಠ್ಠಲ್, ಶಿವರಾಮ್ ಇಬ್ಬರೂ ಜಾತಿಯ ಕಾರಣವನ್ನು ಎತ್ತಿ ಹೇಳಿ ತಂಡದಿಂದ ಹೊರನಡೆದರು. ಆಟಗಾರರ ಈ ಮುಷ್ಕರಕ್ಕೆ ಫಲ ಸಿಕ್ಕಿತು: ಬಾಳೂ ಉಪನಾಯಕರಾದರು, 1923ರಲ್ಲಿ ವಿಠ್ಠಲ್ ನಾಯಕರಾಗಿ ಹಿಂದೂಗಳನ್ನು ಗೆಲ್ಲಿಸಿದರು. ಇದೇ ಹೊತ್ತಿಗೆ ಯಾರ್ಕ್‌ಶೈರಿನ ದೊಡ್ಡಮನುಷ್ಯ ಲಾರ್ಡ್ ಹಾಕ್, ಇಂಗ್ಲೆಂಡಿಗೆ ವೃತ್ತಿಪರನೊಬ್ಬ ನಾಯಕನಾಗುವ ದಿನ ಬಾರದಿರಲೆಂದು ದೇವರಲ್ಲಿ ಮೊರೆಯಿಟ್ಟಿದ್ದ. ಲೀಡ್ಸ್ ಪಕ್ಕದ ಪಡ್ಸಿಯ ಲೆನ್ ಹಟನ್ ಆ ಪಟ್ಟ ಏರಿದ್ದು 1952ರಲ್ಲಿ. ಧಾರವಾಡದಿಂದ ಹೊರಟ ಸಂಸಾರದ ದಲಿತ ಆಟಗಾರ ಯಾರ್ಕ್‌ಶೈರಿನ ಕೂಲಿ ಆಟಗಾರನಿಗಿಂತ ಮೂರು ದಶಕ ಮೊದಲೇ ಆ ಗೆರೆಯನ್ನು ದಾಟಿದ್ದ.

ಇನ್ನು ರಾಜಕಾರಣ. 1911ರಲ್ಲಿ ಬಾಳೂ ಮುಂಬಯಿಗೆ ಮರಳಿದಾಗ ದಲಿತ ಸಮುದಾಯ ಅವರಿಗೆ ಸನ್ಮಾನ ಏರ್ಪಡಿಸಿತು. ಅದರ ಮಾನಪತ್ರ ಸಿದ್ಧಪಡಿಸಿದವರು ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದು ಗುಹಾ ದಾಖಲಿಸಿದ್ದಾರೆ. ಇಪ್ಪತ್ತರ ಹರೆಯದ ಆ ಯುವಕನಿಗೆ ಬಾಳೂ ನಿಜವಾದ ನಾಯಕ. ಆದರೆ ಮುಂದೆ ಇಬ್ಬರ ದಾರಿ ಬೇರೆಯಾಯಿತು. 1911ರಲ್ಲಿ ಲೆಸ್ಟರಿನ ಬೂಟು ಕೆಲಸಗಾರರು ಪಾರ್ಲಿಮೆಂಟಿಗೆ ಕಳಿಸಿದ್ದ ಲೇಬರ್ ಸದಸ್ಯನ ಹೆಸರು ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್. ಇಪ್ಪತ್ತೊಂದು ವರ್ಷಗಳ ಬಳಿಕ, 1932ರ ಆಗಸ್ಟಿನಲ್ಲಿ, ಪ್ರಧಾನಿಯಾಗಿ ಅವನು ಪ್ರಕಟಿಸಿದ ತೀರ್ಪು ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿತು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕುಳಿತರು. ಸೆಪ್ಟೆಂಬರ್ 24ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡ್ಕರ್ ಇದ್ದರು, ಬಾಳೂ ಕೂಡ ಇದ್ದರು. ಅಂಬೇಡ್ಕರ್ ಬೇರೆ ದಾರಿಯಿಲ್ಲದೆ ಸಹಿ ಹಾಕಿದರು. ಬಾಳೂ ಮೊದಲಿಂದಲೂ ಜಂಟಿ ಮತಕ್ಷೇತ್ರದ ಪಕ್ಷದಲ್ಲಿದ್ದವರು.

ಈ ನಿಲುವನ್ನು ಇಂದು ಹಲವರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಅದು ಸರಿಯಲ್ಲ. ಪೆವಿಲಿಯನ್ನಿನ ಹೊರಗೆ ಕುಡಿಕೆ ಹಿಡಿದು ನಿಂತವನು ಒಳಗೆ ಬಂದದ್ದು, ತಮ್ಮನು ನಾಯಕನಾದದ್ದು, ಇವೆಲ್ಲ ಬಾಳೂ ತಮ್ಮ ಕಣ್ಣಿಂದ ಕಂಡವು. ಹಿಂದೂ ಸಮಾಜ ಒಳಗಿನಿಂದ ಬದಲಾಗುತ್ತದೆ ಎಂದು ನಂಬಲು ಅವರಿಗೆ ಕಾರಣಗಳಿದ್ದವು. ಆದರೆ ಆ ಸಮಾಜಕ್ಕೆ ಬಾಳೂವಿನ ಬೌಲಿಂಗ್ ಬೇಕಿತ್ತು. ಯಾವ ಕೈಚಳಕವೂ ಇಲ್ಲದ, ಯಾರಿಗೂ ಯಾವ ಪಂದ್ಯವನ್ನೂ ಗೆದ್ದುಕೊಡದ ಲಕ್ಷಾಂತರ ಜನರಿಗೆ ಯಾವ ಪೆವಿಲಿಯನ್ನಿನ ಬಾಗಿಲೂ ತೆರೆಯುತ್ತಿರಲಿಲ್ಲ. ಅಂಬೇಡ್ಕರ್ ನೋಡಿದ್ದು ಅವರನ್ನು. ಹಕ್ಕನ್ನು ಪ್ರತಿಭೆಯ ಬಹುಮಾನವನ್ನಾಗಿ ಮಾಡಬಾರದು ಎಂಬ ಅವರ ನಿಲುವಿಗೆ ಬಾಳೂ ಅವರ ಜೀವನವೇ ಪುರಾವೆಯಾಗಿತ್ತು ಎಂಬುದು ವಿಚಿತ್ರ.

1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಬಾಳೂ ಅವರನ್ನು ಅಂಬೇಡ್ಕರ್ ಎದುರು ನಿಲ್ಲಿಸಿತು. ಅಂಬೇಡ್ಕರ್ ಅವರಿಗೆ 13,245 ಮತ, ಬಾಳೂ ಅವರಿಗೆ 11,225. ಮಾನಪತ್ರ ಬರೆದವನು, ಅದನ್ನು ಸ್ವೀಕರಿಸಿದವನು ಒಂದೇ ಮತಪತ್ರದಲ್ಲಿ. ಆ ಬಳಿಕ ಬಾಳೂ ಸಾರ್ವಜನಿಕ ಬದುಕಿನಿಂದ ಮೆಲ್ಲನೆ ಹಿಂದೆ ಸರಿದರು.

ಅವರು ತೀರಿಕೊಂಡದ್ದು 1955ರ ಜುಲೈ 4ರಂದು, ಮುಂಬಯಿಯಲ್ಲಿ. ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾಯಿದೆ ಭಾರತದಲ್ಲಿ ಜಾರಿಗೆ ಬಂದದ್ದು ಅದೇ ವರ್ಷ ಜೂನ್ 1ರಂದು. ಬೇರೆ ಬಟ್ಟಲಿನಲ್ಲಿ ಚಹಾ ಕೊಡುವುದು ಅಪರಾಧವಾದ ದೇಶದಲ್ಲಿ ಬಾಳೂ ಬದುಕಿದ್ದು ಮೂವತ್ತಮೂರು ದಿನ.